ಪರದೇಶದಲ್ಲಿ ಹೂಡಿದ ಒಲೆ

ಬ್ಯಾಡಗಿಯ ಮೆಣಸಿನಕಾಯಿಗೆ ಪರದೇಶದ ಪ್ರಯಾಣ ಹೊಸದಲ್ಲ. ಅದರ ಖಾರ ಹಿತಮಿತ, ಬಣ್ಣ ಮಾತ್ರ ಕಣ್ಣು ಕುಕ್ಕುವಂಥದು. ಆ ಬಣ್ಣದ ಸತ್ತ್ವವನ್ನು ಕಾರಖಾನೆಗಳಲ್ಲಿ ಬೇರ್ಪಡಿಸಿ, ಓಲಿಯೋರೆಸಿನ್ ಎಂಬ ಹೆಸರಿನಿಂದ ಹೊರದೇಶಗಳಿಗೆ ಕಳಿಸುತ್ತಾರೆ. ಅಲ್ಲಿ ಅದು ತಿನಿಸುಗಳಿಗೂ ಒದಗುತ್ತದೆ, ಹೆಂಗಸರ ತುಟಿಯ ರಂಗಿಗೂ ಒದಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯುವುದಕ್ಕೆ ಎಷ್ಟೋ ಮುಂಚೆಯೇ ಈ ಮೆಣಸಿನಕಾಯಿ ಸಮುದ್ರ ದಾಟಿ ಹೆಸರು ಮಾಡಿತ್ತು.

ಆದರೆ ಮೆಣಸಿನಕಾಯಿ ಹೋದ ದಾರಿಯಲ್ಲಿ ಮನುಷ್ಯರು ಹೊರಡಲು ಬಹಳ ಕಾಲ ಬೇಕಾಯಿತು. ಹತ್ತಿ, ಜೋಳ, ಮೆಕ್ಕೆಜೋಳ ಬೆಳೆಯುವ ಈ ಸೀಮೆಯವನು ಊರು ಬಿಟ್ಟನೆಂದರೆ ದಾವಣಗೆರೆಗೋ ಹುಬ್ಬಳ್ಳಿಗೋ ಹೋದನೆಂದೇ ಅರ್ಥ. ಬಹಳವಾದರೆ ಬೆಂಗಳೂರು, ಪುಣೆ. ಹಬ್ಬಕ್ಕೆ ರೈಲು ಹತ್ತಿ ತಿರುಗಿ ಬರುವಷ್ಟೇ ದೂರ. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಈ ಮಾತು ಬದಲಾಗಿದೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಗಳ ಮನೆಗಳಲ್ಲಿ, ಅಷ್ಟೇಕೆ, ಸುತ್ತಲಿನ ಹಳ್ಳಿಗಳಲ್ಲಿಯೂ ಉಕ್ರೇನ್, ರಶಿಯ, ಜಾರ್ಜಿಯ, ಕಿರ್ಗಿಸ್ತಾನ ಎಂಬ ಹೆಸರುಗಳು ನೆಂಟರ ಊರಿನ ಹೆಸರುಗಳಂತೆ ಕೇಳಿಬರತೊಡಗಿವೆ. ಮಗ ಅಲ್ಲಿ ಡಾಕ್ಟರಿಕೆ ಓದುತ್ತಾನೆ, ಮಗಳು ಅಲ್ಲಿ ಮೂರನೆಯ ವರ್ಷದಲ್ಲಿದ್ದಾಳೆ.

ಹೀಗೆ ಹೋದವರು ದೇಶ ನೋಡಿ ಬರಲು ಹೋದ ಪ್ರವಾಸಿಗಳಲ್ಲ. ಕೈತುಂಬ ಸಂಬಳದ ನೌಕರಿ ಹಿಡಿದು ಹೋದವರೂ ಅಲ್ಲ. ಹದಿನೆಂಟು ವರ್ಷದ ಹುಡುಗ ಹುಡುಗಿಯರು. ಆರು ವರ್ಷ ಅಲ್ಲಿಯೇ ಬಾಳಬೇಕಾದವರು. ಆರು ವರ್ಷವೆಂದರೆ ಒಲೆ ಹೂಡಿದಂತೆಯೇ ಸರಿ. ಪರದೇಶದಲ್ಲಿ ನೆಲೆ ನಿಲ್ಲುವುದೆಂದರೇನು ಎಂಬುದನ್ನು ಈ ಮಕ್ಕಳಷ್ಟು ಎಳೆಯ ವಯಸ್ಸಿನಲ್ಲಿ, ಇಷ್ಟು ಕಡಿಮೆ ಹಣದಲ್ಲಿ ಕಲಿತವರು ವಿರಳ.

ಒಂದು ಲೆಕ್ಕ

ಅಷ್ಟು ದೂರ ಏಕೆ ಹೋಗಬೇಕು? ಇಲ್ಲಿ ಓದಲಾರದವರು ಅಲ್ಲಿಗೆ ಹೋಗುತ್ತಾರೆಂದು ಹಗುರಾಗಿ ಆಡುವವರಿದ್ದಾರೆ. ಅದು ಸರಿಯಾದ ಮಾತಲ್ಲ. 2021ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು ಸುಮಾರು 15 ಲಕ್ಷ ಮಂದಿ. ದೇಶದ ಎಲ್ಲ ಕಾಲೇಜುಗಳ ಎಂ.ಬಿ.ಬಿ.ಎಸ್. ಸೀಟುಗಳನ್ನು ಕೂಡಿಸಿದರೂ ಒಂದು ಲಕ್ಷ ಮುಟ್ಟುತ್ತಿರಲಿಲ್ಲ. ಅದರಲ್ಲಿ ಸರಕಾರಿ ಫೀಜಿನ ಸೀಟುಗಳು ಇನ್ನೂ ಕಡಿಮೆ. ಪಿ.ಯು.ಸಿ.ಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಂಕ ಗಳಿಸಿದ ಮಗುವಿಗೂ ಸೀಟು ಕೈತಪ್ಪುವುದು ಅಪರೂಪವಲ್ಲ. ಅನಂತರ ಉಳಿಯುವುದು ಖಾಸಗಿ ಕಾಲೇಜಿನ ಆಡಳಿತ ಮಂಡಳಿಯ ಸೀಟು. ಅದರ ಬೆಲೆ ಕೋಟಿಯ ಮಾತಿಗೆ ಹೋಗುತ್ತದೆ. ನಾಲ್ಕೆಂಟು ಎಕರೆ ಹೊಲವಿರುವ ಮನೆಯವನು, ಶಾಲಾ ಮಾಸ್ತರನು, ಕಿರಾಣಿ ಅಂಗಡಿಯವನು ಕೋಟಿಯನ್ನು ಎಲ್ಲಿಂದ ತಂದಾನು?

ಉಕ್ರೇನಿನಲ್ಲಾದರೋ ಆರು ವರ್ಷದ ಫೀಜು, ವಸತಿ, ಊಟ ಎಲ್ಲ ಸೇರಿ ಇಪ್ಪತ್ತೈದು ಮೂವತ್ತು ಲಕ್ಷದಲ್ಲಿ ಮುಗಿಯುತ್ತಿತ್ತು. ಪಾಠ ಇಂಗ್ಲಿಷಿನಲ್ಲಿ. ಹೊಲ ಒತ್ತೆಯಿಟ್ಟೋ, ಬ್ಯಾಂಕಿನಲ್ಲಿ ಸಾಲ ಎತ್ತಿಯೋ ಹೊಂದಿಸಬಹುದಾದ ಮೊತ್ತ. ಮುಂದೆ ಭಾರತಕ್ಕೆ ಮರಳಿ ಎಫ್.ಎಂ.ಜಿ.ಇ. ಎಂಬ ಪರೀಕ್ಷೆಯಲ್ಲಿ ಮುನ್ನೂರಕ್ಕೆ ನೂರೈವತ್ತು ಅಂಕ ಪಡೆದರೆ ಇಲ್ಲಿ ವೈದ್ಯಕೀಯ ನಡೆಸುವ ಹಾದಿ ತೆರೆಯುತ್ತಿತ್ತು. 2002ರಲ್ಲಿ ಆರಂಭವಾದ ಆ ಪರೀಕ್ಷೆ ಸುಲಭದ್ದಲ್ಲ. ಹಲವು ವರ್ಷಗಳಲ್ಲಿ ಕುಳಿತವರ ಪೈಕಿ ಮೂರರಲ್ಲಿ ಒಂದು ಪಾಲು ಕೂಡ ತೇರ್ಗಡೆಯಾಗಲಿಲ್ಲ. ಅದನ್ನೂ ಬಲ್ಲವರಾಗಿಯೇ ತಾಯಿತಂದೆಗಳು ಮಕ್ಕಳನ್ನು ಕಳಿಸಿದರು. ಹೆಮ್ಮೆಗಾಗಿ ಕಳಿಸಿದವರು ಇರಲಿಕ್ಕಿಲ್ಲವೆಂದಲ್ಲ. ಹೆಚ್ಚಿನವರು ಲೆಕ್ಕ ಹಾಕಿ ಕಳಿಸಿದರು.

ಈ ಲೆಕ್ಕದಲ್ಲಿ ಅನೇಕರಿಗೆ ಕಂಡ ಊರು ಖಾರ್ಕಿವ್. ಉಕ್ರೇನಿನ ಎರಡನೆಯ ದೊಡ್ಡ ನಗರ. ಯುದ್ಧಕ್ಕೆ ಮೊದಲು ಅಲ್ಲಿ ಸುಮಾರು ಹದಿನಾಲ್ಕು ಲಕ್ಷ ಜನವಸತಿಯಿತ್ತು. 1919ರಿಂದ 1934ರವರೆಗೆ ಸೋವಿಯತ್ ಉಕ್ರೇನಿನ ರಾಜಧಾನಿಯಾಗಿದ್ದ ಊರು ಅದು. ಅಲ್ಲಿಯ ವೈದ್ಯ ವಿಶ್ವವಿದ್ಯಾಲಯದ ಮೂಲ 1805ಕ್ಕೆ ಹೋಗುತ್ತದೆ. ನೊಬೆಲ್ ಬಹುಮಾನ ಪಡೆದ ಮೆಚ್ನಿಕೋವ್ ಓದಿದ್ದು ಖಾರ್ಕಿವ್ ನಗರದ ವಿಶ್ವವಿದ್ಯಾಲಯದಲ್ಲಿಯೇ. ಹುಳಿಹಾಲು ಕುಡಿದವರಿಗೆ ಆಯುಷ್ಯ ಹೆಚ್ಚೆಂದು ಸಾರಿದ ವಿಜ್ಞಾನಿ ಆತ. ಮೊಸರಿಲ್ಲದೆ ಊಟ ಮುಗಿಯದ ನಾಡಿನ ಮಕ್ಕಳು ಅಂಥವನ ಊರಿಗೆ ಹೋದದ್ದು ಒಂದು ಸೋಜಿಗವೇ.

ಪೆಟ್ಟಿಗೆ ಕಟ್ಟುವ ದಿವಸ

ಹೊರಡುವ ದಿವಸದ ಸಡಗರ ಮದುವೆಯ ಮನೆಯದಕ್ಕಿಂತ ಕಡಿಮೆಯಲ್ಲ. ವಿಮಾನದವರು ಬಿಡುವ ತೂಕ ಇಷ್ಟೇ ಕಿಲೋ ಎಂದು ಗೊತ್ತು. ತಾಯಿಯ ಮನಸ್ಸಿಗೆ ಆ ತಕ್ಕಡಿ ಒಪ್ಪಿಗೆಯಿಲ್ಲ. ಬಿಸಿಲಿಗೆ ಒಣಗಿದ ಹಪ್ಪಳದಂಥ ಖಡಕ್ ರೊಟ್ಟಿ ಮೊದಲು ಪೆಟ್ಟಿಗೆ ಸೇರುತ್ತದೆ. ತಿಂಗಳುಗಟ್ಟಲೆ ಕೆಡದ ಈ ರೊಟ್ಟಿಯನ್ನು ಕಂಡುಹಿಡಿದ ಅಜ್ಜಿಯರು ಪರದೇಶದ ಹಾಸ್ಟೆಲನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ, ನಿಜ. ಆದರೆ ಅದಕ್ಕಿಂತ ತಕ್ಕ ಬುತ್ತಿ ಇನ್ನೊಂದಿಲ್ಲ. ಅದರ ಬೆನ್ನಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಮಾವಿನ ಉಪ್ಪಿನಕಾಯಿ. ಪುಟ್ಟದೊಂದು ಕುಕ್ಕರು. ದೇವರ ಪಟ.

ಬಟ್ಟೆಯ ವಿಷಯದಲ್ಲಿ ಮಾತ್ರ ಮನೆಯವರ ಅಂದಾಜು ಬಹುಮಟ್ಟಿಗೆ ತಪ್ಪುತ್ತಿತ್ತು. ಮಾಗಿಯ ಬೆಳಗಿನಲ್ಲಿ ಶಾಲು ಹೊದ್ದು ಹೊರಬೀಳುವುದೇ ರಾಣೆಬೆನ್ನೂರಿನಲ್ಲಿ ದೊಡ್ಡ ಚಳಿ. ಖಾರ್ಕಿವಿನ ಜನವರಿಯಲ್ಲಿ ಉಷ್ಣಮಾನ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುವುದುಂಟು. ಇಲ್ಲಿಂದ ಹೊತ್ತ ಸ್ವೆಟರುಗಳು ಅಲ್ಲಿ ಒಳ ಅಂಗಿಯ ಕೆಲಸಕ್ಕೆ ಬರುತ್ತಿದ್ದವು. ಹಳಬರಾದ ವಿದ್ಯಾರ್ಥಿಗಳು ಹೊಸಬರನ್ನು ಬರಾಬಾಶೊವೊ ಎಂಬ ಮಹಾಸಂತೆಗೆ ಕರೆದೊಯ್ದು ದಪ್ಪ ಕೋಟು, ಬೂಟು ಕೊಡಿಸುವುದು ವಾಡಿಕೆಯಾಗಿತ್ತು. ಪೂರ್ವ ಯುರೋಪಿನ ಅತಿ ದೊಡ್ಡ ಪೇಟೆಗಳಲ್ಲಿ ಒಂದೆನಿಸಿದ್ದ ಆ ಸಂತೆಯಲ್ಲಿ ಚೌಕಾಸಿಯೂ ನಡೆಯುತ್ತಿತ್ತು. ಚೌಕಾಸಿ ಮಾಡಬಲ್ಲ ಕಡೆಯಲ್ಲಿ ಮನುಷ್ಯನಿಗೆ ಅರ್ಧ ಪರದೇಶಿತನ ಕಳೆಯುತ್ತದೆ.

ಪೆಕ್ಟೋಪಾ ಎಂಬ ಹೋಟೆಲು

ಮೊದಲ ತೊಡಕು ಅಕ್ಷರ. ಅಲ್ಲಿಯ ಸಿರಿಲಿಕ್ ಲಿಪಿ ಪೂರ್ತಿ ಅಪರಿಚಿತವಾಗಿದ್ದರೆ ಬಾಧೆಯಿರಲಿಲ್ಲ. ಅರ್ಧ ಇಂಗ್ಲಿಷಿನಂತೆ ಕಂಡು ಮೋಸಗೊಳಿಸುತ್ತದೆ. ‘ಪಿ’ಯಂತೆ ಕಾಣುವುದು ರಕಾರ. ‘ಸಿ’ಯಂತೆ ಕಾಣುವುದು ಸಕಾರ. ‘ಎಚ್’ ಎಂದರೆ ನಕಾರ, ‘ಬಿ’ ಎಂದರೆ ವಕಾರ. ಹೀಗಾಗಿ ಊರಿನಲ್ಲೆಲ್ಲ ಬೀದಿಗೊಂದರಂತೆ ‘ಪೆಕ್ಟೋಪಾ’ ಎಂಬ ಅಂಗಡಿಯಿರುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಅದು ‘ರೆಸ್ತೊರಾನ್’, ಎಂದರೆ ನಮ್ಮ ಖಾನಾವಳಿ ಎಂದು ತಿಳಿಯುವ ಹೊತ್ತಿಗೆ ಹಸಿವೆ ಮೀರಿರುತ್ತದೆ.

ಅಕ್ಷರವನ್ನು ವಾರದಲ್ಲಿ ಗೆಲ್ಲಬಹುದು. ಮಾತಿಗೆ ವರ್ಷಗಳೇ ಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಬ್ರೆಡ್ಡಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ವಸತಿಗೃಹದ ಬಾಗಿಲು ಕಾಯುವ ಅಜ್ಜಿಯ ಎದುರಿನಲ್ಲಿ ಇಂಗ್ಲಿಷು ನಡೆಯದು. ಖಾರ್ಕಿವಿನವರ ಬಾಯಲ್ಲಿ ಆಗ ರಶಿಯನ್ನೇ ಹೆಚ್ಚು. ಸರಕಾರದ ಕಾಗದಪತ್ರಗಳಲ್ಲಿ ಉಕ್ರೇನಿಯನ್. ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಎಂಬ ಪದ್ಧತಿ ಕರ್ನಾಟಕದವರಿಗೆ ತಿಳಿಯದ್ದೇನಲ್ಲ. ವಿದ್ಯಾರ್ಥಿಗಳಿಗೆ ನಿಜವಾದ ಅಗ್ನಿಪರೀಕ್ಷೆ ಎದುರಾಗುತ್ತಿದ್ದುದು ಆಸ್ಪತ್ರೆಯ ವಾರ್ಡುಗಳಿಗೆ ಹೋಗುವ ವರ್ಷಗಳಲ್ಲಿ. ರೋಗಿಗೆ ಎಲ್ಲಿ ನೋವು, ಎಂದಿನಿಂದ ನೋವು, ರಾತ್ರಿ ಹೆಚ್ಚೋ ಹಗಲು ಹೆಚ್ಚೋ ಎಂಬುದನ್ನು ಪುಸ್ತಕದ ಇಂಗ್ಲಿಷಿನಿಂದ ಕೇಳಲಾಗದು. ಹಳ್ಳಿಯ ಕನ್ನಡದಲ್ಲಿ ‘ಹೊಟ್ಟಿ ತೊಳಸತೈತಿ’ ಎಂಬ ಮಾತಿನ ಅರ್ಥ ಅರಿಯದ ಡಾಕ್ಟರು ಹೇಗೋ, ಹಾಗೆ. ಓದಿನ ಭಾಗವಾಗಿ ‘ಕ್ರೋಕ್’ ಎಂಬ ರಾಷ್ಟ್ರೀಯ ಪರೀಕ್ಷೆಗಳನ್ನೂ ದಾಟಬೇಕಿತ್ತು. ಮೂರನೆಯ ವರ್ಷದಲ್ಲಿ ಒಂದು, ಆರನೆಯ ವರ್ಷದಲ್ಲಿ ಇನ್ನೊಂದು. ಇವುಗಳ ನಡುವೆ ‘ಪೊಸ್ವಿದ್ಕಾ’ ಎಂಬ ತಾತ್ಕಾಲಿಕ ನಿವಾಸದ ಚೀಟಿ. ಅದು ಕೈಗೆ ಬಂದ ದಿವಸ ಹೊಸಬನು ಹಳಬನಾದನೆಂದು ಲೆಕ್ಕ.

ಚಳಿಯೂ ಒಂದು ಭಾಷೆಯೇ. ಮಂಜುಗಡ್ಡೆಯಾದ ಹಾದಿಯಲ್ಲಿ ಹಿಮ್ಮಡಿ ಊರಿ ಬೀಸುಹೆಜ್ಜೆ ಹಾಕಿದರೆ ಬಿದ್ದಂತೆಯೇ. ಪಾದವನ್ನು ಪೂರ್ತಿ ಊರಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು ನಡೆಯಬೇಕು. ಮಳೆಯಾದ ಮರುದಿನ ಎರೆಹೊಲದಲ್ಲಿ ನಡೆದಂತೆ. ಎರೆಯ ಮಾತು ಬಂದುದರಿಂದ ಹೇಳಬೇಕು: ಖಾರ್ಕಿವಿನ ಸುತ್ತಲೂ ಇರುವುದು ಕಪ್ಪು ಮಣ್ಣೇ. ಚೆರ್ನೊಜ಼ೆಮ್ ಎಂಬ ಅದರ ಹೆಸರಿಗೆ ಕಪ್ಪುಮಣ್ಣೆಂದೇ ಅರ್ಥ. ಬೇಸಿಗೆಯಲ್ಲಿ ಅಲ್ಲಿ ಕಣ್ಣು ಹರಿಯುವವರೆಗೆ ಸೂರ್ಯಕಾಂತಿಯ ಹೊಲ. ಭಾರತಕ್ಕೆ ಹೊರದೇಶದಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಬರುತ್ತಿದ್ದುದು ಉಕ್ರೇನಿನಿಂದಲೇ. ಎಂದರೆ ಮಗನು ಆ ದೇಶ ಸೇರುವ ಮೊದಲೇ ಆ ದೇಶದ ಎಣ್ಣೆ ಇಲ್ಲಿಯ ಒಗ್ಗರಣೆಯ ಸೌಟಿನಲ್ಲಿ ಇದ್ದಿರಬಹುದು.

ಹೊರಗೆ ಹಿಮ ಸುರಿಯುತ್ತಿದ್ದರೂ ಕೋಣೆಯ ಒಳಗೆ ತೆಳ್ಳನೆಯ ಅಂಗಿಯಲ್ಲಿ ಕೂರಬಹುದು. ಸೋವಿಯತ್ ಕಾಲದಲ್ಲಿ ಬೆಳೆದ ಆ ನಗರಗಳಲ್ಲಿ ಮನೆಮನೆಗೆ ನಲ್ಲಿ ನೀರು ಬರುವಂತೆ ಬಿಸಿಯೂ ಕೊಳವೆಯಲ್ಲಿ ಬರುತ್ತದೆ. ಅಕ್ಟೋಬರಿನ ನಡುವೆ ಶುರು, ಏಪ್ರಿಲಿನಲ್ಲಿ ಬಂದ್. ಶೆಖೆಯಾಯಿತೆಂದರೆ ಕಿಟಕಿ ತೆರೆಯಬೇಕು, ಅಷ್ಟೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕರೊಳಗೆ ಕತ್ತಲೆ. ಈ ಕತ್ತಲೆಯೇ ಚಳಿಗಿಂತ ಹೆಚ್ಚು ಕಾಡುವಂಥದು; ಊರು ನೆನಪಾಗುವುದೂ ಆ ಹೊತ್ತಿನಲ್ಲಿಯೇ.

ಊಟದಲ್ಲಿ ಬೀಟ್ರೂಟಿನ ಕೆಂಪು ಸಾರು, ಅದೇ ಬೋರ್ಷ್; ಕಪ್ಪು ಬ್ರೆಡ್ಡು; ಗ್ರೆಚ್ಕಾ ಎಂಬ ಕಾಳಿನ ಅನ್ನ. ಮೊಸರಿಗೆ ಸಮೀಪದ್ದು ಕೆಫೀರ್. ಶಾಕಾಹಾರಿಗೆ ಮೊದಲ ತಿಂಗಳು ಕಠಿಣ. ಭಾರತೀಯರೇ ನಡೆಸುವ ಮೆಸ್ಸುಗಳಿದ್ದವು; ಆದರೆ ಅಲ್ಲಿಯ ಅಡುಗೆಯ ಕೈ ಸಾಮಾನ್ಯವಾಗಿ ಉತ್ತರದ್ದು. ಜೋಳದ ರೊಟ್ಟಿ ಬಯಸುವ ನಾಲಿಗೆಗೆ ದಿಲ್ಲಿಯ ಪರೋಟವೂ ಪರದೇಶದ್ದೇ. ಕೊನೆಗೆ ಮೂರು ನಾಲ್ಕು ಜನ ಸೇರಿ ಹಾಸ್ಟೆಲಿನ ಸಾಮೂಹಿಕ ಅಡುಗೆಮನೆಯಲ್ಲಿ ಪಾಳಿಯ ಮೇಲೆ ಬೇಯಿಸಿಕೊಳ್ಳತೊಡಗುತ್ತಾರೆ. ಮನೆಯಲ್ಲಿ ತಂಬಿಗೆ ಎತ್ತಿಡದ ಹುಡುಗನು ಅಲ್ಲಿ ಅನ್ನಕ್ಕೆ ನೀರಿನ ಅಳತೆ ಕಲಿಯುತ್ತಾನೆ. ಒಗ್ಗರಣೆಯ ಘಾಟಿಗೆ ಪಕ್ಕದ ಕೋಣೆಯವರು ಕೆಮ್ಮಿ ಬಾಗಿಲು ಬಡಿದದ್ದೂ ಉಂಟು.

ಹೊಂದಿಕೆಗೆ ನೆರವಾಗುವ ಸಂಗತಿಗಳು ಅನಿರೀಕ್ಷಿತ ಕಡೆಯಲ್ಲಿ ಸಿಗುತ್ತವೆ. ಅಲ್ಲಿಯವರೂ ಮನೆಯೊಳಗೆ ಕಾಲಿಡುವ ಮೊದಲು ಜೋಡು ಬಿಡುತ್ತಾರೆ. ಹೊಸಿಲಿನ ಆಚೆ ಈಚೆ ನಿಂತು ಕೈ ಕುಲುಕುವುದು ಅವರಿಗೆ ಅಶುಭ. ಹೂ ಕೊಡುವಾಗ ಬೆಸ ಸಂಖ್ಯೆಯಲ್ಲಿಯೇ ಕೊಡಬೇಕು, ಸಮಸಂಖ್ಯೆ ಸತ್ತವರಿಗೆ. ನೂರು ರೂಪಾಯಿಗೆ ಒಂದು ಸೇರಿಸಿ ಮುಯ್ಯಿ ಮಾಡುವ ಮನೆತನಗಳಿಂದ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಯುರೋಪಿನವರೆಂದರೆ ಕೋಟು ಟೋಪಿಯ ದೊರೆಗಳೆಂದು ಎಣಿಸಿದ್ದ ಹುಡುಗಿ, ಬಾಗಿಲಲ್ಲಿ ನಿಂತು ‘ಟೋಪಿ ಯಾಕೆ ಹಾಕಿಲ್ಲ?’ ಎಂದು ಗದರುವ ಅಜ್ಜಿಯನ್ನು ಕಂಡಾಗ ಚಳಗೇರಿಯೋ ಮೆಡ್ಲೇರಿಯೋ ನೆನಪಾದರೆ ಆಶ್ಚರ್ಯವಿಲ್ಲ.

ಮನೆಗೆ ದಿನಕ್ಕೊಂದು ಕರೆ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ಇಲ್ಲಿಗಿಂತ ಮೂರೂವರೆ ತಾಸು ಹಿಂದೆ. ಅವರು ಕಾಲೇಜಿನಿಂದ ಬರುವ ಹೊತ್ತಿಗೆ ಇಲ್ಲಿ ರಾತ್ರಿಯ ಊಟದ ಸಮಯ. ‘ಉಂಡೇನೋ? ಏನ್ ಮಾಡ್ಕೊಂಡಿದ್ದೀ?’ ಎಂಬುದು ತಾಯಿಯ ಮೊದಲ ಪ್ರಶ್ನೆ. ‘ಅನ್ನ ಸಾರು, ಅವ್ವ’ ಎಂದು ಮಕ್ಕಳ ಉತ್ತರ. ಆ ಉತ್ತರದಲ್ಲಿ ಸುಳ್ಳೆಷ್ಟು ನಿಜವೆಷ್ಟೆಂದು ಇಬ್ಬರೂ ಬಲ್ಲರು.

ಏಳಲಾರದವರು

ಹೀಗೆ ಒಂದು ವರ್ಷ, ಎರಡು ವರ್ಷ ಕಳೆದ ಮೇಲೆ ಪರದೇಶವು ಪರದೇಶವಾಗಿ ಉಳಿಯುವುದಿಲ್ಲ. ಯಾವ ಅಂಗಡಿಯಲ್ಲಿ ಅಕ್ಕಿ ಅಗ್ಗ, ಯಾವ ಮೆಟ್ರೋ ಬಾಗಿಲಿನಿಂದ ಹೊರಬಿದ್ದರೆ ಕಾಲೇಜು ಹತ್ತಿರ, ಯಾವ ಮೇಷ್ಟರು ಹಾಜರಿಗೆ ಕಟ್ಟುನಿಟ್ಟು ಎಂಬುದೆಲ್ಲ ಕರತಲಾಮಲಕ. ಅಪರಿಚಿತವಾದುದನ್ನು ನಿತ್ಯದ್ದೆಂದು ತಿಳಿಯುವ ಅಭ್ಯಾಸವೇ ನೆಲೆ ನಿಲ್ಲುವ ವಿದ್ಯೆ. ಈ ವಿದ್ಯೆಗೆ ಒಂದು ಕುಂದೂ ಉಂಟು: ನೆಲೆ ನಿಂತವನಿಗೆ ಎದ್ದು ಹೊರಡುವುದು ಕಷ್ಟ. 2022ರ ಫೆಬ್ರವರಿಯಲ್ಲಿ ಆದದ್ದು ಇದೇ.

ಖಾರ್ಕಿವ್ ರಶಿಯದ ಗಡಿಗೆ ತೀರ ಸಮೀಪ, ಮೂವತ್ತು ನಲವತ್ತು ಕಿಲೋಮೀಟರು ಮಾತ್ರ. ಗಡಿಯಾಚೆ ಸೈನ್ಯ ಜಮೆಯಾದ ಸುದ್ದಿ ತಿಂಗಳುಗಳಿಂದ ಇತ್ತು. ಫೆಬ್ರವರಿ 15ರಂದು ಭಾರತದ ರಾಯಭಾರ ಕಚೇರಿ, ಅಗತ್ಯವಿಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ಸದ್ಯಕ್ಕೆ ದೇಶ ಬಿಡುವ ವಿಚಾರ ಮಾಡಬಹುದೆಂದು ತಿಳಿಸಿತು. 20ರಂದು ಇನ್ನೊಮ್ಮೆ ಹೇಳಿತು. ಇಷ್ಟಾದರೂ ಸಾವಿರಾರು ವಿದ್ಯಾರ್ಥಿಗಳು ಕದಲಲಿಲ್ಲ. ಈಗ ಅದನ್ನು ಮೌಢ್ಯವೆನ್ನುವುದು ಸುಲಭ. ಅವರ ಎದುರಿಗಿದ್ದ ಪ್ರಶ್ನೆಗಳನ್ನು ನೋಡಬೇಕು. ತರಗತಿ ತಪ್ಪಿದರೆ ಹಾಜರಿ ಹೋಗುತ್ತದೆ. ಹಾಜರಿ ಹೋದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ಸಾಲಕ್ಕೆ ಇನ್ನೊಂದು ಸಾಲ. ವಿಮಾನದ ದರ ಒಂದಕ್ಕೆರಡಾಗಿತ್ತು. ಅಂಗಡಿ ತೆರೆದಿತ್ತು, ಮೆಟ್ರೋ ಓಡುತ್ತಿತ್ತು, ಪಾಠ ನಡೆಯುತ್ತಿತ್ತು, ಊರಿನ ಜನ ನಿಶ್ಚಿಂತೆಯಿಂದ ತಿರುಗಾಡುತ್ತಿದ್ದರು. ಮನೆಯೊಡೆಯನೇ ನಿರಾಳವಾಗಿರುವಾಗ ಬಾಡಿಗೆಯವನು ಓಡುವುದೆಂತು? ಆನ್‌ಲೈನ್ ಪಾಠದ ಬಗ್ಗೆ ಕಾಲೇಜಿನ ಮಾತಿಗಾಗಿ ಕಾಯದೆ ಹೊರಡಿರೆಂದು ರಾಯಭಾರ ಕಚೇರಿ ಬಿಡಿಸಿ ಹೇಳಿದ್ದು 22ರಂದು. 24ರ ನಸುಕಿನಲ್ಲಿ ಯುದ್ಧ ಶುರುವಾಯಿತು. ವಿಮಾನ ಹಾರಾಟ ನಿಂತಿತು.

ಮುಂದಿನ ಒಂದು ವಾರ ಬದುಕು ನೆಲದ ಕೆಳಗೆ ಇಳಿಯಿತು. ಹಾಸ್ಟೆಲಿನ ನೆಲಮಾಳಿಗೆ, ಮೆಟ್ರೋ ನಿಲ್ದಾಣ. ಎರಡು ವರ್ಷ ಕಾಲೇಜಿಗೆ ಕೊಂಡೊಯ್ದ ಅದೇ ಮೆಟ್ರೋದ ಕಟ್ಟೆಯ ಮೇಲೆ ಈಗ ಚಾಪೆ. ದಿನದ ಹೆಚ್ಚು ಹೊತ್ತು ಕರ್ಫ್ಯೂ. ತೆರೆದ ಅಂಗಡಿಗಳ ಮುಂದೆ ಉದ್ದ ಸಾಲು. ಊಟವಾಯಿತೇ ಎಂಬ ತಾಯಿಯ ನಿತ್ಯದ ಪ್ರಶ್ನೆ ಇದ್ದಕ್ಕಿದ್ದಂತೆ ಜೀವದ ಪ್ರಶ್ನೆಯಾಯಿತು. ನೀರು, ಬ್ರೆಡ್ಡು, ಬಿಸ್ಕೀಟು ತರಲು ಯಾರಾದರೊಬ್ಬರು ಮೇಲೆ ಹೋಗಲೇಬೇಕು.

ಮಾರ್ಚ್ 1ರ ಬೆಳಿಗ್ಗೆ ಹಾಗೆ ಆಹಾರ ಸಾಮಾನಿಗಾಗಿ ಹೊರಗೆ ಹೋದವರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಯುವಕನೊಬ್ಬನಿದ್ದನು. ಖಾರ್ಕಿವ್ ವೈದ್ಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷದ ವಿದ್ಯಾರ್ಥಿ. ಆ ಬೆಳಗಿನ ದಾಳಿಯಲ್ಲಿ ಅವನು ಮೃತನಾದನು. ಆ ಸುದ್ದಿಯನ್ನು ಅದೇ ದಿನ ವಿದೇಶಾಂಗ ಖಾತೆ ಪ್ರಕಟಿಸಿತು. ಬೆಂಗಳೂರು–ಪುಣೆ ಹೆದ್ದಾರಿಯ ಪಕ್ಕದಲ್ಲಿದ್ದು, ಟೋಲ್ ನಾಕೆಯ ಹೆಸರಿನಿಂದಷ್ಟೇ ಹೊರಗಿನವರಿಗೆ ಗೊತ್ತಿದ್ದ ಹಳ್ಳಿಯ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂದಿತು. ಇಪ್ಪತ್ತು ದಿನಗಳ ಮೇಲೆ, ಮಾರ್ಚ್ 21ರಂದು, ಪಾರ್ಥಿವ ಶರೀರ ಬೆಂಗಳೂರಿಗೆ ಬಂದು ಅಲ್ಲಿಂದ ಚಳಗೇರಿಯನ್ನು ಮುಟ್ಟಿತು. ಪೂಜಾವಿಧಿಗಳಾದ ಮೇಲೆ ಮನೆಯವರು ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಕಲಿಕೆಗೆಂದು ಒಪ್ಪಿಸಿದರು.

ನಡೆದು ಬಂದ ದಾರಿ

ಮಾರ್ಚ್ 2ರಂದು ರಾಯಭಾರ ಕಚೇರಿಯಿಂದ ಅವಸರದ ಆದೇಶ ಬಂದಿತು: ಖಾರ್ಕಿವಿನಲ್ಲಿರುವ ಭಾರತೀಯರೆಲ್ಲ ಕೂಡಲೇ ನಗರ ಬಿಡಬೇಕು, ವಾಹನ ಸಿಗದಿದ್ದರೆ ಕಾಲ್ನಡಿಗೆಯಲ್ಲಿಯಾದರೂ ಸಂಜೆ ಆರರೊಳಗೆ ಪೆಸೋಚಿನ್, ಬಾಬಾಯೆ, ಬೆಜ಼್ಲ್ಯುದೋವ್ಕಾ ಎಂಬ ಊರುಗಳಿಗೆ ಸೇರಬೇಕು. ಹನ್ನೊಂದು, ಹನ್ನೆರಡು, ಹದಿನಾರು ಕಿಲೋಮೀಟರು. ಚಳಿ, ಹಿಮ, ಹೊಟ್ಟೆಯಲ್ಲಿ ಅರೆ ಊಟ. ಬೆನ್ನಿಗೆ ಹೊತ್ತ ಚೀಲವೊಂದೇ ಆಸ್ತಿ. ಕುಕ್ಕರು, ಪುಸ್ತಕ, ದಪ್ಪ ಕೋಟುಗಳ ಪೆಟ್ಟಿಗೆ ಎಲ್ಲ ಕೋಣೆಯಲ್ಲಿಯೇ ಉಳಿದವು. ಹೂಡಿದ ಒಲೆಯನ್ನು ಹಾಗೇ ಬಿಟ್ಟು ಬಂದರು.

ರೈಲು ಹಿಡಿದವರ ಪಾಡೂ ಸುಖದ್ದಲ್ಲ. ಹೆಂಗಸರು ಮಕ್ಕಳಿಗೆ ಮೊದಲ ಪಾಳಿ; ಉಳಿದವರು ನಿಲ್ದಾಣದಲ್ಲಿ ರೈಲಿನ ಮೇಲೆ ರೈಲು ಬಿಡುತ್ತ ನಿಂತರು. ಪಶ್ಚಿಮದ ಲ್ವಿವ್ ನಗರಕ್ಕೆ ಸಾವಿರ ಕಿಲೋಮೀಟರು. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಹೋಗುವುದರ ಮೂರು ಪಾಲಿಗೂ ಮೀರಿದ ದೂರ. ಅಲ್ಲಿಂದ ಪೋಲಂಡ್, ಹಂಗೇರಿ, ಸ್ಲೊವಾಕಿಯ, ರುಮೇನಿಯಗಳ ಗಡಿ. ‘ಆಪರೇಷನ್ ಗಂಗಾ’ದ ವಿಮಾನಗಳು ಕಾದಿದ್ದುದು ಆ ದೇಶಗಳಲ್ಲಿ. ಒಟ್ಟು ಸುಮಾರು 22,500 ಭಾರತೀಯರು ಉಕ್ರೇನಿನಿಂದ ಮರಳಿದರೆಂಬುದು ಸರಕಾರದ ಲೆಕ್ಕ. ಎರಡು ವರ್ಷದಲ್ಲಿ ಕಲಿತ ಅರೆಬರೆ ರಶಿಯನ್ ಮಾತು ಈ ದಾರಿಯಲ್ಲಿ ಎಷ್ಟು ಉಪಯೋಗಕ್ಕೆ ಬಂದಿತೆಂಬುದಕ್ಕೆ ಅಂಕಿಸಂಖ್ಯೆಯಿಲ್ಲ. ಗಾಡಿಯವನೊಡನೆ ದರ ಮಾತಾಡಲು, ಕಾವಲಿನ ಸಿಪಾಯಿಗೆ ತಾನಾರೆಂದು ಹೇಳಲು, ಹಳ್ಳಿಯ ಮನೆಯಲ್ಲಿ ಬಿಸಿನೀರು ಕೇಳಲು ಅದೇ ಬೇಕಾಯಿತು.

ಮನೆಗೆ ಬಂದದ್ದರಿಂದ ಕತೆ ಮುಗಿಯಲಿಲ್ಲ. ಬಂದ ದಿನ ಆರತಿ, ಸಿಹಿ, ನೆಂಟರ ಗದ್ದಲ. ಎರಡನೆಯ ವಾರ ‘ಮುಂದೇನು?’ ಎಂಬ ಪ್ರಶ್ನೆ. ಮಾರ್ಚ್ ನಡುವಿನಿಂದಲೇ ಅಲ್ಲಿಯ ಅನೇಕ ಪ್ರಾಧ್ಯಾಪಕರು ಆನ್‌ಲೈನ್ ಪಾಠ ಮತ್ತೆ ಆರಂಭಿಸಿದರು; ಕೆಲವರು ಆಶ್ರಯತಾಣಗಳಲ್ಲಿ ಕುಳಿತು ಪಾಠ ಹೇಳಿದರು. ಶಿಷ್ಯರು ರಾಣೆಬೆನ್ನೂರಿನ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ. ಗುರುಗಳು ಬಾಂಬಿನ ಸದ್ದಿನ ಕೆಳಗೆ. ಅಂಥ ಗುರುಗಳನ್ನು ಆ ವಿದ್ಯಾರ್ಥಿಗಳು ಬಹುಕಾಲ ಮರೆಯಲಾರರು. ಆದರೆ ರೋಗಿಯ ನಾಡಿಯನ್ನು ಪರದೆಯ ಮೇಲೆ ಹಿಡಿಯಲಾಗುವುದಿಲ್ಲವಷ್ಟೆ. ಇಲ್ಲಿಯ ಕಾಲೇಜುಗಳಲ್ಲಿ ಸೇರಿಸಿಕೊಳ್ಳಿರೆಂಬ ಬೇಡಿಕೆಗೆ ನಿಯಮ ಅಡ್ಡಿಯಾಯಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಉಕ್ರೇನಿನ ವಿದ್ಯಾರ್ಥಿಗಳು ಇತರ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸಲು ಒಪ್ಪಿತು. ಇಲ್ಲಿಯೇ ಉಳಿದ ಕೊನೆಯ ವರ್ಷದವರಿಗೆ, ಕಾಲೇಜಿಗೆ ಸೇರದೆಯೇ ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆ ಬರೆಯಲು ಎರಡು ಅವಕಾಶ ಕೊಡುವ ಏರ್ಪಾಡು 2023ರ ಮಾರ್ಚಿನಲ್ಲಿ ಆಯಿತು. ಕೆಲವರು ಯುದ್ಧದ ನಡುವೆಯೇ ಉಕ್ರೇನಿಗೆ ಮರಳಿದರು. ಅವರನ್ನು ಹುಂಬರೆಂದವರು ಅವರ ಸಾಲದ ಪತ್ರವನ್ನು ಓದಿದವರಲ್ಲ.

ಅನಂತರ ಹಾವೇರಿಯಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜು ತೆರೆದಿದೆ. ಜಿಲ್ಲೆಯ ಕೆಲವು ಮಕ್ಕಳಿಗಾದರೂ ಮನೆಯ ಊಟ ಉಂಡು ಡಾಕ್ಟರಾಗುವ ಯೋಗ. ಉಳಿದವರು ಮತ್ತೆ ಪೆಟ್ಟಿಗೆ ಕಟ್ಟುತ್ತಾರೆ, ದಾರಿ ಮಾತ್ರ ಬೇರೆ. ನಿಯಮಗಳೂ ಬಿಗಿಯಾಗಿವೆ: 2021ರ ನವೆಂಬರಿನ ನಂತರ ಹೊರದೇಶಕ್ಕೆ ಸೇರುವವರು ಕನಿಷ್ಠ 54 ತಿಂಗಳ ಓದನ್ನೂ ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಒಂದೇ ಸಂಸ್ಥೆಯಲ್ಲಿ ಮುಗಿಸಬೇಕು, ಮರಳಿದ ಮೇಲೆ ಇಲ್ಲಿ ಇನ್ನೊಂದು ವರ್ಷ. ಆದಕಾರಣ ಫೀಜಿನ ಜೊತೆಗೆ ಗಡಿ ಎಷ್ಟು ದೂರ, ಆಚೆಯ ನೆರೆಯವನು ಎಂಥವನು ಎಂಬುದನ್ನೂ ಈಗ ಭೂಪಟ ಹರಡಿಕೊಂಡು ನೋಡುವ ತಂದೆಗಳಿದ್ದಾರೆ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದೀಯಾ ಎಂದು ‘ಉಂಡೆಯಾ’ ಎಂಬುದರ ಜೊತೆಗೆ ಕೇಳುವ ತಾಯಂದಿರಿದ್ದಾರೆ.

ಖಾರ್ಕಿವಿನಿಂದ ಚದುರಿದವರಲ್ಲಿ ಹಲವರು ಜಾರ್ಜಿಯದಲ್ಲಿ ಓದು ಮುಂದುವರಿಸಿದರು, ಹಲವರು ಉಜ಼್ಬೇಕಿಸ್ತಾನದಲ್ಲಿ. ಹೊಸ ಕೋಣೆ, ಹೊಸ ಕುಕ್ಕರು, ಹೊಸ ನಿವಾಸದ ಚೀಟಿ. ಜಾರ್ಜಿಯದ ಲಿಪಿಗೆ ಮೂವತ್ತಮೂರು ಅಕ್ಷರ. ಎಲ್ಲವೂ ಗುಂಡಗೆ, ಕೊಂಕು ಬಾಲದೊಡನೆ. ದೂರದಿಂದ ನೋಡಿದರೆ ಅಂಗಡಿಯ ಹಲಗೆಯ ಮೇಲೆ ಯಾರೋ ಕನ್ನಡದಲ್ಲಿಯೇ ಬರೆದಿದ್ದಾರೇನೋ ಎಂದು ಭ್ರಮೆಯಾಗುತ್ತದೆ. ಹತ್ತಿರ ಹೋದರೆ ಒಂದಕ್ಷರವೂ ತಿಳಿಯುವುದಿಲ್ಲ. ಪೆಕ್ಟೋಪಾದ ಉಪಾಯ ಅಲ್ಲಿ ನಡೆಯದು. ಖಾನಾವಳಿ ಯಾವುದೆಂದು ಮತ್ತೆ ಮೊದಲಿನಿಂದ ಕಲಿಯಬೇಕು.